ಇಗರ್ಜಿ ಶಾಲೆಯೂ ಸರಕಾರದ ಸಹಾಯಧನವೂ

ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ಕಟ್ಟಡದ ಕುರಿತೂ ಇಲ್ಲಿ ಸೇವೆ ಸಲ್ಲಿಸಿದ ಪೂಜ್ಯ ವಿಚಾರಣಾ ಗುರುಗಳ ಕುರಿತೂ ಬರೆಯಬಲ್ಲವರು ಬೇರೆ ಇದ್ದಾರೆ. ಇಗರ್ಜಿಯ ಮಗ್ಗುಲಲ್ಲಿರುವ ಶಾಲೆಯ ಬಗೆಗೆ, ಅದರಲ್ಲೂ ಅದು ನಡೆದು ಬಂದ ಹಣದ ಬಗೆಗೆ ನಾಲ್ಕು ಮಾತು ಹೇಳುವುದು ಅಪ್ರಸ್ತುತವಾಗಲಾರದೆಂದು ನಂಬುತ್ತೇನೆ. ದಕ್ಷಿಣ ಕನ್ನಡದಲ್ಲಿ ಇಗರ್ಜಿಯಿದ್ದಲ್ಲಿ ಶಾಲೆಯಿರುವುದು ವಾಡಿಕೆ. ಅದನ್ನು ಕಟ್ಟಿದ್ದು ನಮ್ಮ ಹಿರಿಯರ ಔದಾರ್ಯ, ಗುರುಗಳ ಪರಿಶ್ರಮ, ಅದರಲ್ಲಿ ಸಂದೇಹವಿಲ್ಲ. ಆದರೆ ತಿಂಗಳು ತಿಂಗಳೂ ಅದನ್ನು ನಡೆಸಿದ್ದು ಬಹುಮಟ್ಟಿಗೆ ಸರಕಾರದ ಸಹಾಯಧನ. ಹಣದ ಬೆನ್ನಿಗೆ ಬಂದ ನಿಯಮಗಳು ಶಾಲೆಯ ಸ್ವರೂಪವನ್ನೇ ತಿದ್ದಿದವು.

ಇದರ ಮೂಲ 1854ರಲ್ಲಿದೆ. ಆ ವರ್ಷ ಚಾರ್ಲ್ಸ್ ವುಡ್ ಈಸ್ಟ್ ಇಂಡಿಯಾ ಕಂಪೆನಿಯ ಆಡಳಿತಕ್ಕೆ ಕಳುಹಿಸಿದ ಶಿಕ್ಷಣ ನಿರೂಪವು ಪ್ರತಿಯೊಂದು ಪ್ರಾಂತದಲ್ಲಿಯೂ ವಿದ್ಯಾ ಇಲಾಖೆಯನ್ನು ಸ್ಥಾಪಿಸುವಂತೆ ಆದೇಶಿಸಿತು. ಸರಕಾರ ತಾನೇ ಎಲ್ಲೆಡೆ ಶಾಲೆ ತೆರೆಯುವ ಬದಲು ಖಾಸಗಿ ಶಾಲೆಗಳಿಗೆ ನೆರವು ನೀಡಬೇಕೆಂದೂ ಸೂಚಿಸಿತು. ಅದಕ್ಕೆ ಷರತ್ತುಗಳಿದ್ದವು: ಲೌಕಿಕ ವಿದ್ಯೆ ಚೆನ್ನಾಗಿ ನಡೆಯಬೇಕು, ಸ್ಥಳದಲ್ಲಿ ಹೊಣೆಹೊತ್ತ ಆಡಳಿತವಿರಬೇಕು, ಸರಕಾರದ ತನಿಖೆಗೆ ಒಪ್ಪಬೇಕು, ಮಕ್ಕಳಿಂದ ಅಲ್ಪವಾದರೂ ಶುಲ್ಕ ಪಡೆಯಬೇಕು. ಧರ್ಮೋಪದೇಶದ ವಿಷಯದಲ್ಲಿ ಇನ್‌ಸ್ಪೆಕ್ಟರರು ತಲೆಹಾಕಕೂಡದು. ಈ ಕೊನೆಯ ಮಾತಿನಿಂದಾಗಿ ಕ್ರೈಸ್ತ ಧರ್ಮಸಭೆಗಳಿಗೆ ಸಹಾಯಧನ ಸ್ವೀಕಾರಾರ್ಹವಾಯಿತು. ಗುರುಗಳು ಜ್ಞಾನೋಪದೇಶವನ್ನು ತಮ್ಮ ಪಾಡಿಗೆ ನಡೆಸಬಹುದಿತ್ತು. ಲೆಕ್ಕ, ಓದು, ಬರಹ ಮಾತ್ರ ಇಲಾಖೆಯ ಕಣ್ಣಿನಡಿ ಬಂದವು.

ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಅಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ 'ಫಲಿತಾಂಶದ ಮೇಲೆ ಗ್ರಾಂಟು' ಎಂಬ ಪದ್ಧತಿ ಬಂದಿತು. ಇನ್‌ಸ್ಪೆಕ್ಟರು ಬಂದು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸುವರು. ತೇರ್ಗಡೆಯಾದವರ ಲೆಕ್ಕದ ಮೇಲೆ ಹಣ. ಐಗಳಿಗೆ ಅದು ಎಂಥ ದಿನವಾಗಿದ್ದಿರಬೇಕು! ಮಗುವಿನ ಮಗ್ಗಿ ತಪ್ಪಿದರೆ ಐಗಳ ಅಕ್ಕಿಗೆ ಕುತ್ತು. ಆ ಪದ್ಧತಿ ಹೋದದ್ದೇ ಒಳ್ಳೆಯದಾಯಿತು. ಆದರೆ ಹಾಜರಿ ಪುಸ್ತಕ, ದಾಖಲಾತಿ ಪುಸ್ತಕ, ತರಗತಿಗೆ ತಕ್ಕ ಪಾಠಪುಸ್ತಕ ಇವೆಲ್ಲ ಹಳ್ಳಿಯ ಶಾಲೆಗಳಲ್ಲಿ ಬೇರೂರಿದ್ದು ಸಹಾಯಧನದ ನಿಯಮಗಳಿಂದಲೇ.

ಇನ್ನೊಂದು ಪರಿಣಾಮವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ನಮ್ಮ ಹೆಚ್ಚಿನ ಕುಟುಂಬಗಳ ಮನೆಮಾತು ಕೊಂಕಣಿ, ನೆರೆಹೊರೆಯದು ತುಳು. ಸರಕಾರ ಮನ್ನಿಸಿದ ಶಾಲಾಭಾಷೆ ಕನ್ನಡ. ಇಗರ್ಜಿಯ ಅಂಗಳದಲ್ಲಿಯೇ ನಾವು ಕನ್ನಡಿಗರಾದೆವೆಂದರೆ ಅತಿಶಯೋಕ್ತಿಯಲ್ಲ. ಈ ಸಂಚಿಕೆಯನ್ನು ತಾವು ಕನ್ನಡದಲ್ಲಿ ಓದುತ್ತಿರುವುದೇ ಅದಕ್ಕೆ ಸಾಕ್ಷಿ. ಹಳ್ಳಿಯ ಈ ಶಾಲೆಗಳಿಂದ ಹೊರಟವರಿಗೆ ಮುಂದೆ ಮಂಗಳೂರಿನಲ್ಲಿ 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜು, 1921ರಲ್ಲಿ ಆರಂಭವಾದ ಸಂತ ಆಗ್ನೆಸ್ ಕಾಲೇಜು ಇದ್ದವು; ಅಲ್ಲಿಂದ ಮುಂಬಯಿಗೂ, ಅನಂತರ ಕೊಲ್ಲಿ ದೇಶಗಳಿಗೂ ದಾರಿ.

1950ರಲ್ಲಿ ಜಾರಿಗೆ ಬಂದ ಸಂವಿಧಾನವು ಹಳೆಯ ಒಪ್ಪಂದಕ್ಕೆ ಹೊಸ ಆಧಾರ ಕೊಟ್ಟಿತು. ಅಲ್ಪಸಂಖ್ಯಾತರು ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸಬಹುದು; ಅಲ್ಪಸಂಖ್ಯಾತರ ಆಡಳಿತದ್ದೆಂಬ ಕಾರಣಕ್ಕೆ ನೆರವು ನೀಡುವಲ್ಲಿ ಸರಕಾರ ತಾರತಮ್ಯ ಮಾಡಕೂಡದು ಎಂದಿತು 30ನೆಯ ವಿಧಿ. ನೆರವು ಪಡೆದ ಶಾಲೆಯು ಮತ, ಜಾತಿ, ಭಾಷೆಗಳ ಕಾರಣದಿಂದ ಯಾರಿಗೂ ಪ್ರವೇಶ ನಿರಾಕರಿಸುವಂತಿಲ್ಲ. ಒಪ್ಪಿಗೆಯಿಲ್ಲದೆ ಧರ್ಮಬೋಧೆಗೆ ಕೂರಿಸುವಂತಿಲ್ಲ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ಕೇರಳಕ್ಕೆ ಹೋಯಿತು. ಮಂಗಳೂರು ಧರ್ಮಪ್ರಾಂತ್ಯ ಮಾತ್ರ ಗಡಿಯಲ್ಲಿ ಸೀಳಲಿಲ್ಲ. ಬೇಳದಂಥ ಧರ್ಮಕೇಂದ್ರಗಳು ಮಂಗಳೂರಿನ ಬಿಷಪರ ಅಧೀನದಲ್ಲಿಯೇ ಉಳಿದವು. ಹೀಗೆ ಒಬ್ಬರೇ ಬಿಷಪರ ಮಂದೆಗೆ ಎರಡು ವಿದ್ಯಾ ಇಲಾಖೆಗಳಾದವು.

ಕೇರಳದ 1957ರ ಶಿಕ್ಷಣ ಮಸೂದೆಯ ಗಲಾಟೆ ಹಿರಿಯರಿಗೆ ನೆನಪಿರಬಹುದು. 1958ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಅಭಿಪ್ರಾಯದಲ್ಲಿ ಎರಡೂ ಕಡೆಗೆ ಪಾಠವಿತ್ತು: ಆಡಳಿತದ ಹಕ್ಕೆಂದರೆ ದುರಾಡಳಿತದ ಹಕ್ಕಲ್ಲ, ಹಾಗೆಯೇ ನೆರವಿನ ನೆಪದಲ್ಲಿ ಅಲ್ಪಸಂಖ್ಯಾತರ ಶಾಲೆಯ ಆಡಳಿತವನ್ನೇ ಕಸಿದುಕೊಳ್ಳುವಂತಿಲ್ಲ. ಖಾಸಗಿ ಶಾಲೆಗಳಲ್ಲಿ ಶಿಕ್ಷಕರಿಂದ ಪೂರ್ಣ ಸಂಬಳಕ್ಕೆ ಸಹಿ ಹಾಕಿಸಿ ಕಡಿಮೆ ಕೊಡುವ ದೂರುಗಳು ಮದ್ರಾಸ್ ಪ್ರಾಂತದ ಕಾಲದಿಂದಲೂ ಇದ್ದವೆಂಬುದನ್ನು ನಾವು ಮರೆಯಬಾರದು. ಸಂಬಳ ಸರಕಾರದಿಂದ ನೇರವಾಗಿ ಶಿಕ್ಷಕರ ಕೈಸೇರುವ ವ್ಯವಸ್ಥೆ ಅವರಿಗೆ ಘನತೆ ತಂದಿತು.

ಇಂದು ಗಡಿಯ ಎರಡು ಬದಿಗಳನ್ನು ನೋಡಿದರೆ ನಿಯಮವೊಂದು ಏನು ಮಾಡಬಲ್ಲುದೆಂಬುದು ತಿಳಿಯುತ್ತದೆ. ಕೇರಳದಲ್ಲಿ ಮಕ್ಕಳ ಸಂಖ್ಯೆಯನ್ನು ನೋಡಿ ವರ್ಷ ವರ್ಷವೂ ಹುದ್ದೆಗಳನ್ನು ನಿಗದಿಪಡಿಸುತ್ತಾರೆ. ಇರುವ ಹುದ್ದೆಗೆ ಮ್ಯಾನೇಜರರು ನೇಮಿಸುತ್ತಾರೆ, ಇಲಾಖೆಯ ಮಂಜೂರಾತಿಯ ಮೇಲೆ ಸರಕಾರ ಸಂಬಳ ಕೊಡುತ್ತದೆ. ಕರ್ನಾಟಕದಲ್ಲಿ ನಿವೃತ್ತಿಯಿಂದ ತೆರವಾದ ಅನುದಾನಿತ ಹುದ್ದೆಯನ್ನು ತುಂಬಲು ಸರಕಾರದ ಪೂರ್ವಾನುಮತಿ ಬೇಕು. ಅದು ವರ್ಷಗಟ್ಟಲೆ ದೊರೆಯದಿರುವುದುಂಟು. ಒಬ್ಬೊಬ್ಬರೇ ಶಿಕ್ಷಕರು ನಿವೃತ್ತರಾಗುತ್ತಾರೆ, ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ, ಅದನ್ನು ಕಂಡ ಪೋಷಕರು ಮಗುವಿನ ವರ್ಗಾವಣೆ ಪತ್ರ ಕೇಳುತ್ತಾರೆ. ಮಕ್ಕಳು ಕಡಿಮೆಯೆಂದು ಹುದ್ದೆ ಇಲ್ಲ, ಹುದ್ದೆಯಿಲ್ಲವೆಂದು ಮಕ್ಕಳಿಲ್ಲ.

ದೋಷವೆಲ್ಲ ಸರಕಾರದ್ದೇ ಎನ್ನಲು ನನ್ನ ಮನಸ್ಸು ಒಪ್ಪದು. ಅನೇಕ ಧರ್ಮಕೇಂದ್ರಗಳಲ್ಲಿ ಅದೇ ಅಂಗಳದಲ್ಲಿ ಅನುದಾನರಹಿತ ಆಂಗ್ಲಮಾಧ್ಯಮ ಶಾಲೆಯನ್ನು ತೆರೆದವರು ನಾವೇ. ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಗೊಳಿಸಲಾಗದೆಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತ ಮೇಲೆ ಕಾನೂನಿನ ತಡೆಯೂ ಉಳಿಯಲಿಲ್ಲ. ನಮ್ಮ ಮಕ್ಕಳನ್ನು ಅಲ್ಲಿಗೆ ಕಳುಹಿಸಿ, ಕನ್ನಡ ಶಾಲೆಯ ಬೆಂಚು ಖಾಲಿಯಾಯಿತೆಂದು ಮರುಗುತ್ತೇವೆ. ಆ ಬೆಂಚಿನಲ್ಲಿ ಉಳಿದಿರುವವರು ಶುಲ್ಕ ತೆರಲಾರದ ಮನೆಗಳವರು. ಅವರಲ್ಲಿ ದುಡಿಮೆಗಾಗಿ ಉತ್ತರ ಕರ್ನಾಟಕದಿಂದ ಬಂದವರ ಮಕ್ಕಳೂ ಇದ್ದಾರೆ.

ಈಗ ಇಂಥ ಶಾಲೆಗಳಲ್ಲಿ ಖಾಲಿ ಹುದ್ದೆಯ ಪಾಠ ನಡೆಸುತ್ತಿರುವವರು ಗೌರವ ಶಿಕ್ಷಕಿಯರು. ಅವರ ಸಂಭಾವನೆ ಖಜಾನೆಯಿಂದ ಬರುವುದಿಲ್ಲ. ಸಂಚಾಲಕರಾದ ವಿಚಾರಣಾ ಗುರುಗಳು ಹಳೆ ವಿದ್ಯಾರ್ಥಿಗಳ ಚಂದಾದಿಂದಲೋ ಇಗರ್ಜಿಯ ಕಾಣಿಕೆಯಿಂದಲೋ ಅದನ್ನು ಹೊಂದಿಸಿ ಪ್ರತಿ ತಿಂಗಳೂ ಕೊಡುತ್ತಾರೆ.