ಸೆಕ್ರೆಟರಿ: ಗುಟ್ಟು ಕಾಯುವ ಮನುಷ್ಯನೂ ಗುಟ್ಟು ಕಾಯುವ ಮೇಜೂ

ಹೂವಿನಹಡಗಲಿ ಸೀಮೆಯ ಹಿರೇಹಡಗಲಿಯಲ್ಲಿ ದೊರೆತ ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಶಾಸನವು ಕ್ರಿ. ಶ. 4ನೆಯ ಶತಮಾನದ್ದೆಂದು ಎಣಿಸಲ್ಪಟ್ಟಿದೆ. ಅದರ ಕೊನೆಯಲ್ಲಿ ಶಾಸನವನ್ನು ಸ್ವಹಸ್ತದಿಂದ ಬರೆದ ಅಧಿಕಾರಿಯ ಪದವಿಯನ್ನು 'ರಹಸಾಧಿಕತ' ಎಂದು ಹೇಳಿದೆ. ಸಂಸ್ಕೃತದಲ್ಲಿ ಇದು ರಹಸ್ಯಾಧಿಕೃತ. ಬರೆಯುವವನೂ ಗುಟ್ಟನ್ನು ಕಾಯುವವನೂ ಇಲ್ಲಿ ಒಬ್ಬನೇ. ಲ್ಯಾಟಿನ್ ಭಾಷೆಯ 'ಸೆಕ್ರೆಟಾರಿಯುಸ್' ಎಂಬುದಕ್ಕೂ ಇದೇ ಅರ್ಥ. ಬೇರ್ಪಡಿಸಿ ಇಟ್ಟುದು 'ಸೆಕ್ರೆಟುಂ', ಅದಕ್ಕೆ ಹೊಣೆಯಾದವನು ಸೆಕ್ರೆಟರಿ. ನಾವು ಈಗ ಬಳಸುವ 'ಕಾರ್ಯದರ್ಶಿ' ಎಂಬ ಮಾತಿನಲ್ಲಿ ಕಾರ್ಯವು ಉಳಿದಿದೆ, ರಹಸ್ಯವು ಬಿಟ್ಟುಹೋಗಿದೆ. ಯೂರೋಪಿನಲ್ಲಾದರೋ 18ನೆಯ ಶತಮಾನದಲ್ಲಿ ಈ ಹೆಸರು ಮನುಷ್ಯನಿಂದ ಒಂದು ಮರದ ಸಾಮಾನಿಗೆ ಸಂದಿತು. ಹಳೆಯ ಮನೆಗಳಲ್ಲಿಯೂ ವಸ್ತುಸಂಗ್ರಹಾಲಯಗಳಲ್ಲಿಯೂ ಕಾಣಬರುವ ಬೀಗವುಳ್ಳ ಬರೆವಣಿಗೆಯ ಮೇಜನ್ನು ಫ್ರೆಂಚರು 'ಸೆಕ್ರೆತೇರ್' ಎಂದೂ ಇಂಗ್ಲಿಷರು 'ಸೆಕ್ರೆಟರಿ' ಎಂದೂ ಕರೆದರು. ಈ ಸಂಕ್ರಮಣವನ್ನು ಕೇವಲ ಮಾತಿನ ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲವೆಂಬುದೇ ನಮ್ಮ ಅಭಿಪ್ರಾಯ.

ಮೇಜಿನ ಮತ್ತೊಂದು ಹೆಸರಾದ 'ಬ್ಯೂರೋ' ಎಂಬುದರ ಕಥೆಯೂ ಇದಕ್ಕೆ ಸೇರಿದುದೇ. ಹಣವೆಣಿಸುವಾಗಲೂ ಬರೆಯುವಾಗಲೂ ಹಲಗೆಯ ಮೇಲೆ ಹಾಸುತ್ತಿದ್ದ ಒರಟು ಉಣ್ಣೆಯ ಬಟ್ಟೆಗೆ ಮೊದಲು ಆ ಹೆಸರಿತ್ತು. ಬಟ್ಟೆಯಿಂದ ಮೇಜಿಗೆ, ಮೇಜಿನಿಂದ ಕೋಣೆಗೆ, ಕೋಣೆಯಿಂದ ಸರ್ಕಾರದ ಇಲಾಖೆಗೆ ಅದು ನಡೆಯಿತು. ನಮ್ಮ ಆಡಳಿತದ ಮಾತಿನಲ್ಲಿ ಸೇರಿಹೋಗಿರುವ 'ದಫ್ತರ'ವೂ ಹೀಗೆಯೇ. ಗ್ರೀಕ್ ಭಾಷೆಯಲ್ಲಿ ಚರ್ಮವೆಂಬ ಅರ್ಥವುಳ್ಳ 'ದಿಫ್ಥೇರಾ' ಶಬ್ದವು ಪಾರಸಿಯ ಮೂಲಕ ಲೆಕ್ಕದ ಪುಸ್ತಕವಾಗಿ, ಕಾಗದಗಳ ಕಟ್ಟಾಗಿ, ಕೊನೆಗೆ ಕಚೇರಿಯೂ ಆಯಿತು.

ಸೆಕ್ರೆಟರಿ ಮೇಜಿನ ಲಕ್ಷಣವು ಬರೆಯುವ ಹಲಗೆಯೇ ಮುಚ್ಚಳವೂ ಆಗಿರುವುದು. ಬರೆಯುವವನು ಎದ್ದುಹೋಗುವಾಗ ಹಲಗೆಯನ್ನು ಮೇಲಕ್ಕೆತ್ತಿ ಬೀಗ ಹಾಕಿದರೆ, ಅರ್ಧ ಬರೆದ ಕಾಗದವೂ ಒಣಗದ ಲೇಖನಿಯೂ ಒಳಗೇ ಉಳಿಯುತ್ತವೆ. ಇಳಿಜಾರು ಮುಚ್ಚಳದ ಮೇಜುಗಳಲ್ಲಿ ಅದನ್ನು ತೆರೆದಾಗ ಎರಡು ಮರದ ತೋಳುಗಳನ್ನು ಹೊರಕ್ಕೆಳೆದು ಆಧಾರವಾಗಿ ಕೊಡುವುದುಂಟು. ಒಳಗೆ ಸಣ್ಣ ಸಣ್ಣ ಗೂಡುಗಳು. ನಡುವೆ ಪುಟ್ಟ ಬಾಗಿಲು. ಅದರ ಇಕ್ಕೆಲಗಳಲ್ಲಿ ಅಲಂಕಾರಕ್ಕೆಂಬಂತೆ ನಿಂತ ಎರಡು ಅರೆಗಂಬಗಳು. ಆ ಗಂಬಗಳನ್ನು ಹಿಡಿದೆಳೆದರೆ ದಸ್ತಾವೇಜುಗಳನ್ನಿಡುವ ಕಿರಿದಾದ ಪೆಟ್ಟಿಗೆಗಳಾಗಿ ಅವು ಹೊರಬರುತ್ತವೆ.

ಈ ಜಾತಿಯ ಮೇಜುಗಳಿಗೆಲ್ಲ ಶಿಖರಪ್ರಾಯವಾದುದು ಫ್ರಾನ್ಸಿನ 15ನೆಯ ಲೂಯಿಗಾಗಿ ಮಾಡಿದ 'ಅರಸನ ಬ್ಯೂರೋ'. ಝಾನ್ ಫ್ರಾನ್ಸ್ವಾ ಏಬೆನ್ ಎಂಬ ಕುಶಲಿಯು 1760ರಲ್ಲಿ ಇದನ್ನಾರಂಭಿಸಿ, ಮುಗಿಸದೆ 1763ರಲ್ಲಿ ತೀರಿಕೊಂಡನು. ಅವನ ಕೆಲಸಗಾರನಾಗಿದ್ದ ಝಾನ್ ಆನ್ರಿ ರೀಸೆನರ್ ಎಂಬವನು ಯಜಮಾನನ ವಿಧವೆಯನ್ನು ಮದುವೆಯಾಗಿ, ಕಾರ್ಖಾನೆಯನ್ನು ವಹಿಸಿಕೊಂಡು, 1769ರಲ್ಲಿ ಮೇಜನ್ನು ವರ್ಸೇಲ್ಸ್ ಅರಮನೆಗೆ ಒಪ್ಪಿಸಿದನು. ಇದರ ಮುಚ್ಚಳವು ಉರುಳೆಯ ಆಕಾರದ್ದು. ಬೀಗದ ಕೈಯ ಒಂದೇ ತಿರುವಿನಿಂದ ಮುಚ್ಚಳವೂ ಖಾನೆಗಳೂ ಕೂಡಿ ತೆರೆಯುತ್ತವೆ. ಆದರೆ ಇದಕ್ಕಿಂತ ಅರ್ಥವತ್ತಾದ ಸಂಗತಿಯೊಂದುಂಟು: ಸೇವಕನು ಮುಚ್ಚಳವನ್ನು ತೆರೆಯದೆಯೇ ಪಕ್ಕದಿಂದ ಮಸಿಯನ್ನು ತುಂಬಿಸುವಂತೆ ಏರ್ಪಾಡು ಮಾಡಿದ್ದರು. ಮಸಿ ತುಂಬುವವನಿಗೆ ಅರಸನ ಕಾಗದವು ಕಾಣಕೂಡದು. ಈ ಅರಸನು ಸುಮಾರು 1746ರಿಂದ 1774ರಲ್ಲಿ ಮರಣ ಹೊಂದುವವರೆಗೂ ತನ್ನ ವಿದೇಶಾಂಗ ಮಂತ್ರಿಗಳಿಗೇ ತಿಳಿಯದಂತೆ ಪ್ರತ್ಯೇಕವಾದ ಗುಪ್ತ ರಾಯಭಾರವೊಂದನ್ನು ನಡೆಯಿಸುತ್ತಿದ್ದನೆಂಬುದನ್ನು ನೆನೆದರೆ, ಆ ಏರ್ಪಾಡನ್ನು ಬರಿಯ ವಿಲಾಸವೆನ್ನಲು ಮನಸ್ಸು ಬಾರದು. ಮನುಷ್ಯನಾದ ಸೆಕ್ರೆಟರಿಯಲ್ಲಿ ನಂಬಿಕೆ ಸಾಲದಾದಾಗ ಮರದ ಸೆಕ್ರೆಟರಿ ಬೇಕಾಗುತ್ತದೆ.

ಆದರೆ ಮರವನ್ನು ಕಡೆದವನೂ ಬೀಗವನ್ನು ಬಡಿದವನೂ ಮನುಷ್ಯರೇ. 16ನೆಯ ಲೂಯಿಯು ತ್ವಿಲೆರಿ ಅರಮನೆಯ ಗೋಡೆಯಲ್ಲಿ, ಮರದ ಹಲಗೆಯ ಹಿಂದೆ, ಕಬ್ಬಿಣದ ಗುಪ್ತ ಕಪಾಟೊಂದನ್ನು ಮಾಡಿಸಿ ಕಾಗದಗಳನ್ನು ಅಡಗಿಸಿದ್ದನು. ಅದಕ್ಕೆ ಕೈಹಾಕಿದ ಬೀಗದ ಕೆಲಸದ ಗಾಮೆನ್ ಎಂಬವನೇ 1792ರ ನವೆಂಬರಿನಲ್ಲಿ ಮಂತ್ರಿ ರೊಲಾನನಿಗೆ ಅದರ ಸುಳಿವು ಕೊಟ್ಟನು. ಆ ಕಾಗದಗಳು ವಿಚಾರಣೆಯಲ್ಲಿ ಅರಸನಿಗೆ ವಿರೋಧವಾಗಿ ನಿಂತವು. 1793ರ ಜನವರಿ 21ರಂದು ಅವನ ಶಿರಚ್ಛೇದವಾಯಿತು. ರೀಸೆನರನ ಪಾಡೂ ಮರುಕಪಡತಕ್ಕುದೇ. 1794ರಲ್ಲಿ ತಾನೇ ಮಾಡಿದ ಸಾಮಾನುಗಳಿಂದ ರಾಜಚಿಹ್ನೆಗಳನ್ನು ಕಿತ್ತುಹಾಕುವ ಕೆಲಸವು ಅವನ ಪಾಲಿಗೆ ಬಂದಿತು. ಅರಸನ ಬ್ಯೂರೋವಿನಲ್ಲಿ ರಾಜಾಂಕಿತವಿದ್ದೆಡೆ ಸೇವ್ರ್ ಕಾರ್ಖಾನೆಯ ಪಿಂಗಾಣಿಯ ಬಿಲ್ಲೆಗಳು ಕುಳಿತವು. ಅವು ಇಂದಿಗೂ ಅಲ್ಲಿವೆ.

ಭರತಖಂಡಕ್ಕೂ ಈ ಚರಿತ್ರೆಯಲ್ಲಿ ಪಾಲುಂಟು. 1756ರಲ್ಲಿ ವಿಶಾಖಪಟ್ಟಣಕ್ಕೆ ಬಂದಿದ್ದ ಮೇಜರ್ ಜಾನ್ ಕಾರ್ನೇಲ್ ಎಂಬ ಸೈನ್ಯಾಧಿಕಾರಿಯು ಅಲ್ಲಿಯ ಚೀಟಿ ಬಟ್ಟೆಯನ್ನೂ ದಂತದ ಕೂರಿಕೆಯ ಕೆಲಸವನ್ನೂ ಹೊಗಳಿರುವನು. ಅಲ್ಲಿಯ ಕುಶಲಿಗಳು ಇಂಗ್ಲಿಷ್ ಮಾದರಿಯ ಬ್ಯೂರೋಗಳನ್ನು ಬೀಟೆಯ ಮರದಲ್ಲಿ ಮಾಡಿ, ದಂತವನ್ನು ಕೂರಿಸಿ, ಅದರಲ್ಲಿ ಗೀರಿದ ಗೆರೆಗಳಿಗೆ ಕರಿಯ ಅರಗನ್ನು ತುಂಬುತ್ತಿದ್ದರು. ಆಕಾರವು ಇಂಗ್ಲೆಂಡಿನದು, ಅಂಚಿನ ಹೂಬಳ್ಳಿಯು ಚೀಟಿ ಬಟ್ಟೆಯದು. ನೆಲದ ಮೇಲೆ ಕುಳಿತು ತೊಡೆಯ ಮೇಲೋ ಗಿಡ್ಡ ಇಳಿಮೇಜಿನ ಮೇಲೋ ಬರೆಯುವ ನಾಡಿನಲ್ಲಿ, ಕುರ್ಚಿಯವರಿಗಾಗಿ ಇವು ತಯಾರಾದವು. ಕಂಪೆನಿಯ ನೌಕರರು ಅವನ್ನು ಹಡಗಿನಲ್ಲಿ ತಮ್ಮ ಊರಿಗೆ ಕೊಂಡೊಯ್ದರು. ಮುಂದೆ ಶ್ರೀಗಂಧದ ಮರಕ್ಕೆ ಇಡಿಯಾಗಿ ದಂತದ ಹೊದಿಕೆ ಹೊದಿಸಿದ ಪುಟ್ಟ ಮಾದರಿಗಳೂ ಬಂದವು. ನಮ್ಮ ರುಚಿಗೆ ಹಳೆಯ ಬೀಟೆಯ ಕೆಲಸವೇ ಮೇಲು. ಕರಿಯ ಮರದ ನೆರಳಿಲ್ಲದ ದಂತವು ಕಣ್ಣಿಗೆ ಬೇಗ ಸಾಕಾಗುತ್ತದೆ.

ಸಾಮಾನ್ಯ ಗೃಹಸ್ಥರ ಮನೆಗೆ ಸೆಕ್ರೆಟರಿಯು ಇಳಿದುದಕ್ಕೆ ಮಾದರಿಯ ಪುಸ್ತಕಗಳು ಬಹುಮಟ್ಟಿಗೆ ಕಾರಣ. ಚಿಪ್ಪೆಂಡೇಲನ ಗ್ರಂಥವು 1754ರಲ್ಲಿ ಹೊರಟಿತು. ಹೆಪ್ಪಲ್‌ವೈಟನದು ಅವನ ಮರಣಾನಂತರ 1788ರಲ್ಲಿ. ಕೆಳಗೆ ಮೇಜು, ಮೇಲೆ ಪುಸ್ತಕದ ಕಪಾಟು ಎಂಬ ಜೋಡಣೆಯು ಆಗ ಬಲು ಪ್ರಿಯವಾಯಿತು. ಈ ಜೋಡಣೆಯೇ ಇಂದು ಪರೀಕ್ಷಕರಿಗೆ ತೊಡಕು ತಂದಿದೆ. ಒಂದು ಮನೆಯ ಮೇಜಿನ ಮೇಲೆ ಇನ್ನೊಂದು ಮನೆಯ ಕಪಾಟನ್ನು ಕೂರಿಸಿ ಮಾರುವುದುಂಟು; ವ್ಯಾಪಾರಿಗಳು ಇದನ್ನು 'ಮದುವೆ' ಎಂದು ಕರೆಯುತ್ತಾರೆ! ಓಲೆಗರಿಯ ಕಟ್ಟಿನಲ್ಲಿ ಬೇರೆ ಪ್ರತಿಯ ಗರಿಗಳು ಸೇರಿಕೊಂಡಿರುವುದನ್ನು ಗುರುತಿಸುವ ನಮ್ಮ ವಿದ್ವಾಂಸರಿಗೆ ಇಲ್ಲಿಯ ಕ್ರಮವು ಹೊಸದಲ್ಲ. ಬೆನ್ನಿನ ಹಲಗೆಗಳ ಮರವೂ ಮಾಸಲೂ ಎರಡು ಭಾಗಗಳಲ್ಲಿ ಒಂದೇ ಬಗೆಯವೋ, ಖಾನೆಯ ಮೂಲೆಗಳ ಹಲ್ಲುಕಚ್ಚು ಒಂದೇ ಕೈಯದೋ ಎಂದು ನೋಡಬೇಕು. ಎಂದಿಗೂ ಅಗಲದೆ ಉಳಿದ ಜೋಡಿಯ ಬೆಲೆಯೇ ಬೇರೆ: ನ್ಯೂಪೋರ್ಟಿನಲ್ಲಿ ನಿಕೊಲಸ್ ಬ್ರೌನ್ ಎಂಬ ವರ್ತಕನಿಗಾಗಿ ಮಾಡಿದ ಇಂತಹುದೊಂದು 1989ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1 ಕೋಟಿ 21 ಲಕ್ಷ ಡಾಲರಿಗೆ ಹೋಯಿತು.

ಈ ವಂಶದ ಕೊನೆಯ ದೊಡ್ಡ ಸಂತಾನವು ಅಮೆರಿಕದ ಇಂಡಿಯಾನಾಪೊಲಿಸಿನ ವಿಲಿಯಂ ವೂಟನ್ 1874ರಲ್ಲಿ ಹಕ್ಕುಪತ್ರ ಪಡೆದ ಮೇಜು. ಎರಡು ರೆಕ್ಕೆಗಳಂತೆ ತೆರೆದುಕೊಳ್ಳುವ ಇದರಲ್ಲಿ ನೂರಕ್ಕೂ ಮೇಲ್ಪಟ್ಟು ಗೂಡುಗಳು. ಬೀಗ ಹಾಕಿದ್ದರೂ ಹೊರಗಿನಿಂದ ಕಾಗದವನ್ನು ಒಳಕ್ಕೆ ಹಾಕಲು ಬಾಗಿಲಲ್ಲಿ ಒಂದು ಸಂದು. ಅಧ್ಯಕ್ಷ ಗ್ರಾಂಟನೂ ರಾಕ್‌ಫೆಲ್ಲರನೂ ಇದನ್ನು ಕೊಂಡಿದ್ದರು. ಆದರೆ ಆ ಶತಮಾನವು ಮುಗಿಯುವಷ್ಟರಲ್ಲಿ ಬೆರಳಚ್ಚಿನ ಯಂತ್ರವೂ ಕಡತಗಳನ್ನು ನಿಲ್ಲಿಸಿಡುವ ಬೀರುವೂ ಬಂದು, ಒಬ್ಬನ ಕಾಗದಗಳೆಲ್ಲ ಒಂದೇ ಬೀಗದೊಳಗಿರುವ ಕಾಲವು ಹೋಯಿತು. ಕಚೇರಿಗಳಲ್ಲಿ ಆ ಕಾಗದಗಳನ್ನು ನೋಡಿಕೊಳ್ಳಲು ಹೆಣ್ಣುಮಕ್ಕಳು ನೇಮಕವಾದರು. ಅವರನ್ನೂ ಜನರು ಸೆಕ್ರೆಟರಿಗಳೆಂದೇ ಕರೆದರು.