ಪೀಟ್ ಮರಾವಿಚ್ ಅಸೆಂಬ್ಲಿ ಸೆಂಟರ್
ಬೇಟನ್ ರೂಜ್, ಲೂಯಿಸಿಯಾನಾ. ಬಳಕೆಗೆ ತೆರೆದದ್ದು 1972

ಬಿಳಿ ಗುಮ್ಮಟದ ಈ ಒಳಾಂಗಣ ಕ್ರೀಡಾಂಗಣ ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ್ದು. ಸುಮಾರು 13,000 ಜನ ಕೂರಬಹುದು. ಯಾರ ಹೆಸರು ಇದಕ್ಕಿದೆಯೋ ಆತ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದ ಪರ ಇಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ.

ಮರಾವಿಚ್ ಆಡಿದ್ದು 1967ರಿಂದ 1970ರವರೆಗೆ, ಕ್ಯಾಂಪಸ್ಸಿನ ಹಳೆಯ ಕೃಷಿ ಮೇಳದ ಕಟ್ಟಡದಲ್ಲಿ. ಕೋಚ್ ಅವನ ತಂದೆ ಪ್ರೆಸ್ ಮರಾವಿಚ್. ಮೊದಲ ವರ್ಷದವರನ್ನು ಆಗ ಮುಖ್ಯ ತಂಡಕ್ಕೆ ಸೇರಿಸುತ್ತಿರಲಿಲ್ಲವಾದ್ದರಿಂದ ಸಿಕ್ಕಿದ್ದು ಮೂರೇ ಋತು. ಆ 83 ಪಂದ್ಯಗಳಲ್ಲಿ 3,667 ಅಂಕ. ಪಂದ್ಯಕ್ಕೆ ಸರಾಸರಿ 44.2. 1970ರಲ್ಲಿ ಅಲಬಾಮಾ ವಿರುದ್ಧ ಅವನೊಬ್ಬನೇ 69 ಗಳಿಸಿದ. ಬೆನ್ನ ಹಿಂದಿನಿಂದ, ಕಾಲ ಸಂದಿಯಿಂದ ಚೆಂಡು ದಾಟಿಸುತ್ತಿದ್ದ. ಜೋಲು ಬಿದ್ದ ಕಾಲುಚೀಲ ಅವನ ಗುರುತಾಗಿತ್ತು.

ಅಂಕಣದ ಮೇಲೆ ಬುಟ್ಟಿಯ ಸುತ್ತ ಬಾಗಿದ ಗೆರೆಯನ್ನು ಗಮನಿಸಿ. ಅದರಾಚೆಯಿಂದ ಎಸೆದರೆ ಮೂರು ಅಂಕ. ಪುರುಷರ ಕಾಲೇಜು ಆಟಕ್ಕೆ ಈ ನಿಯಮ ಎಲ್ಲೆಡೆ ಬಂದದ್ದು 1986ರಲ್ಲಿ. ಹಾಗಾಗಿ ಕಾಲೇಜಿನಲ್ಲಿ ಮರಾವಿಚ್‌ನ ದೂರದ ಎಸೆತಗಳಿಗೆಲ್ಲ ಎರಡೇ ಅಂಕ.

2024ರಲ್ಲಿ ಐಯೊವಾ ವಿಶ್ವವಿದ್ಯಾಲಯದ ಕೇಟ್ಲಿನ್ ಕ್ಲಾರ್ಕ್, ನಾಲ್ಕನೆಯ ಋತುವಿನಲ್ಲಿ, ಅವನ ಒಟ್ಟು ಮೊತ್ತವನ್ನು ದಾಟಿದರು. ಸರಾಸರಿಯ ದಾಖಲೆ ಮಾತ್ರ ಇನ್ನೂ ಅವನದೇ.

1988ರ ಜನವರಿಯಲ್ಲಿ, ಗೆಳೆಯರೊಂದಿಗೆ ಆಡುತ್ತಿದ್ದಾಗ ಮರಾವಿಚ್ ಕುಸಿದು ತೀರಿಕೊಂಡ, ವಯಸ್ಸು 40. ಹೃದಯಕ್ಕೆ ರಕ್ತ ಒಯ್ಯುವ ಎಡ ಅಪಧಮನಿ ಹುಟ್ಟಿನಿಂದಲೇ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಅದೇ ವರ್ಷ ಕ್ರೀಡಾಂಗಣಕ್ಕೆ ಅವನ ಹೆಸರಿಟ್ಟರು.