ಕೈ ಆಡುವ ನುಡಿ

ರೇಡಿಯೋದ ಮುಂದೆ ಕುಳಿತು ನೀವು ಪದವನ್ನೋ ಜಾವಳಿಯನ್ನೋ ಕೇಳಿರುತ್ತೀರಿ. ಹಾಡು ಮನೆಯೊಳಕ್ಕೆ ಬಂದಿತು. ಆದರೆ ಅದರ ಜೊತೆಗಾತಿಯಾದ ಕೈ ಹೊರಗೇ ಉಳಿಯಿತು. ಧ್ವನಿ ಗಾಳಿಯಲ್ಲಿ ತೇಲಿ ಬರಬಲ್ಲುದು, ಬೆರಳು ಬಾರದು. ಆ ಬೆರಳುಗಳು ಏನು ಹೇಳುತ್ತವೆಂಬುದನ್ನು ಈ ಪುಟದಲ್ಲಾದರೂ ಕೊಂಚ ನೋಡೋಣ.

ಭರತನ ನಾಟ್ಯಶಾಸ್ತ್ರವು ಒಂದೇ ಕೈಯಲ್ಲಿ ಹಿಡಿಯುವ ಅಸಂಯುತ ಹಸ್ತಗಳು 24, ಎರಡು ಕೈ ಕೂಡಿಸಿ ಹಿಡಿಯುವ ಸಂಯುತ ಹಸ್ತಗಳು 13 ಎಂದು ಎಣಿಸುತ್ತದೆ. ನಂದಿಕೇಶ್ವರನ ಅಭಿನಯದರ್ಪಣದಲ್ಲಿ ಇವು 28 ಮತ್ತು 23 ಆಗಿವೆ.

ಈಗ ನಿಮ್ಮ ಬಲಗೈಯನ್ನು ಚಾಚಿರಿ. ಬೆರಳುಗಳನ್ನು ಒತ್ತಾಗಿ ಜೋಡಿಸಿ ಹೆಬ್ಬೆರಳನ್ನು ಮಾತ್ರ ಬಾಗಿಸಿರಿ. ಇದೇ ಪತಾಕ. ಇದರ ಅರ್ಥವೇನೆಂದು ಕೇಳಿದರೆ ಉತ್ತರ ಒಂದಲ್ಲ. ಮೋಡ, ಕಾಡು, ನದಿ, ಇರುಳು, ಗಾಳಿ, 'ಬೇಡ' ಎಂಬ ನಿಷೇಧ, ಎಲ್ಲವೂ ಇದೇ ಕೈಯಲ್ಲುಂಟು. ತರಗತಿಯಲ್ಲಿ ನಾನಾರ್ಥ ಪದಗಳ ಪಾಠ ಮಾಡುವಾಗ ನನಗೆ ಪತಾಕದ ನೆನಪಾಗುತ್ತದೆ. 'ಅರಸು' ಎಂಬ ಮಾತು ದೊರೆಯನ್ನು ಹೇಳಿತೋ ಹುಡುಕುವುದನ್ನು ಹೇಳಿತೋ ವಾಕ್ಯವೇ ನಿರ್ಣಯಿಸಬೇಕು. ಹಾಗೆಯೇ ಕೈಯ ಅರ್ಥವನ್ನು ಅದರ ಸ್ಥಾನ, ಚಲನೆ, ನೋಟ, ಸಾಹಿತ್ಯ ಇವು ಕೂಡಿ ನಿರ್ಣಯಿಸುತ್ತವೆ. ಅಂಜಲಿಯನ್ನೇ ನೋಡಿರಿ: ಜೋಡಿಸಿದ ಕೈ ತಲೆಯ ಮೇಲಿದ್ದರೆ ದೇವರಿಗೆ, ಮುಖದ ಮುಂದಿದ್ದರೆ ಗುರುವಿಗೆ, ಎದೆಯ ಬಳಿಯಿದ್ದರೆ ವಿಪ್ರರಿಗೆ ವಂದನೆ.

ಪತಾಕದಲ್ಲಿ ಉಂಗುರದ ಬೆರಳನ್ನು ಬಾಗಿಸಿದರೆ ಅದು ತ್ರಿಪತಾಕ. ಕಿರೀಟವೂ ಮರವೂ ಆಗುತ್ತದೆ. ಆದರೆ ಕೇರಳದ ಕಥಕಳಿಯವರು ಹಸ್ತಲಕ್ಷಣದೀಪಿಕೆಯನ್ನು ಅನುಸರಿಸಿ ಇದೇ ಬಾಗಿದ ಬೆರಳಿನ ಕೈಯನ್ನು ಪತಾಕವೆಂದು ಕರೆಯುತ್ತಾರೆ. ಹೆಸರು ಒಂದು, ಕೈ ಬೇರೆ! ಪುಸ್ತಕವೊಂದನ್ನೇ ನಂಬಿದವನಿಗೆ ಇಲ್ಲಿ ದಾರಿ ತಪ್ಪುತ್ತದೆ; ಗುರುವಿನ ಕೈಯನ್ನು ಕಂಡವನಿಗೆ ತಪ್ಪದು.

ಆ ಗುರುಪರಂಪರೆಯೇ ಒಮ್ಮೆ ಕಡಿದುಹೋಗುವುದರಲ್ಲಿತ್ತು. ಮೈಸೂರು ಸರ್ಕಾರ 1909ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಅನಿಷ್ಟ ಪದ್ಧತಿ ತೊಲಗಬೇಕಾದುದೇ ಸರಿ. ಆದರೆ ಪದ್ಧತಿಯ ಮೇಲಿನ ಜುಗುಪ್ಸೆ ವಿದ್ಯೆಯ ಮೇಲೂ ಬಿದ್ದಿತು. ಸಭ್ಯರು ನೃತ್ಯಕ್ಕೇ ಮುಖ ತಿರುಗಿಸಿದರು. ಅಂಥ ದಿನಗಳಲ್ಲಿ ಅಭಿನಯಕ್ಕೆ ಹೆಸರಾಗಿದ್ದ ಅರಮನೆಯ ಕಲಾವಿದೆ ಜಟ್ಟಿ ತಾಯಮ್ಮನವರು, 1906ರಲ್ಲಿ ಲಂಬಾಣಿ ಮನೆತನದಲ್ಲಿ ಹುಟ್ಟಿದ ವೆಂಕಟಲಕ್ಷಮ್ಮ ಎಂಬ ಬಾಲೆಗೆ ತಮ್ಮ ವಿದ್ಯೆಯನ್ನು ಧಾರೆಯೆರೆದರು. ತಾಯಮ್ಮನವರು 1947ರಲ್ಲಿ ತೀರಿಕೊಂಡರು. ಆ ಶಿಷ್ಯೆ 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯದ ಅಧ್ಯಾಪಕಿಯಾದರು. 1992ರಲ್ಲಿ ಪದ್ಮಭೂಷಣ ಅವರನ್ನು ಅರಸಿ ಬಂದಿತು. 2002ರಲ್ಲಿ ಅವರೂ ಕಾಲವಾದರು. ಸಮಾಜ ದೂರವಿಟ್ಟಿದ್ದ ಹೆಂಗಸರ ಕೈಗಳೇ ಈ ನುಡಿಯನ್ನು ಕಾಪಾಡಿಕೊಂಡು ಬಂದುವೆಂಬುದನ್ನು ನಾವು ಮರೆಯಬಾರದು.

ನುಡಿ ಬಾಳುವುದಕ್ಕೆ ಆಡುವವರಷ್ಟೇ ಸಾಲದು, ಅರಿಯುವವರೂ ಬೇಕು. ಮುಂದೆ ನಿಮ್ಮೂರಿನ ರಂಗದ ಮೇಲೆ ನೃತ್ಯ ನಡೆದಾಗ ಗೆಜ್ಜೆಯನ್ನು ಕೇಳಿದಂತೆ ಕೈಯನ್ನೂ ಓದಿರಿ. ಪಕ್ಕದಲ್ಲಿ ಕುಳಿತ ಮಗು 'ಅದೇನು?' ಎಂದಾಗ, 'ಮೋಡ' ಎಂದು ನೀವು ಹೇಳಬಲ್ಲವರಾದರೆ ಅಷ್ಟೇ ಸಾಕು.